ಉಲ್ಬಣಕ್ಕೆ ಒಂದು ಉದಾಹರಣೆ

ಬೆಳಿಗ್ಗೆ ಹತ್ತೂಕಾಲಿಗೆ ಸಂಪಾದಕರ ಕೋಣೆಯಿಂದ ಬಂದ ಚೀಟಿಯನ್ನು ಓದಿದಾಗ ಅವನಿಗೆ ಬಂದ ಸಿಟ್ಟಿನಲ್ಲಿ ಒಂದು ಸಾಧಾರಣ ಊರಿನ ಜನಕ್ಕೆಲ್ಲ ವಾರವಿಡೀ ಸ್ನಾನದ ನೀರು ಕಾಯಿಸಬಹುದಾಗಿತ್ತು. 'ಅಣ್ವಸ್ತ್ರ ಉಲ್ಬಣ: ಅರ್ಥ, ಬಳಕೆ, ಒಂದು ಉದಾಹರಣೆ ವಾಕ್ಯ. ನಾಲ್ಕು ಗಂಟೆಗೆ ನೀವೇ ತಂದುಕೊಡಿ.' ಇಷ್ಟೇ. ಪ್ರಪಂಚ ಮುಳುಗುವ ಸಂಗತಿಯನ್ನು ಅಂಗೈಯಗಲದ ಕಾರ್ಡಿನಲ್ಲಿ ತುಂಬಿ ಸಂಜೆಯ ಚಹಾದ ಹೊತ್ತಿಗೆ ತಂದುಕೊಡಬೇಕಂತೆ. ಅದಕ್ಕೆ ಉದಾಹರಣೆ ಬೇರೆ ಕೇಡು. ಇಪ್ಪತ್ತೆರಡು ವರ್ಷದಿಂದ ಆ ಸುದ್ದಿಸಂಸ್ಥೆಯ ಪದವಿಭಾಗ ಎಂದರೆ ಅವನೊಬ್ಬನೇ. ಒಂದು ಮೇಜು, ಒಂದು ಫ್ಯಾನು, ಹನ್ನೊಂದು ಸಾವಿರ ಕಾರ್ಡು. ಹೊರಗಿನಿಂದ ಬಂದ ಯಾವ ಪದವೂ ಅವನ ಫ್ಯಾನಿನ ಗಾಳಿ ಕುಡಿಯದೆ ನಲವತ್ತಮೂರು ಪತ್ರಿಕೆಗಳಿಗೂ ಹತ್ತು ಹನ್ನೆರಡು ರೇಡಿಯೋಗಳಿಗೂ ಹೋದದ್ದಿಲ್ಲ. ಬೆಳಗಿನ ಪತ್ರಿಕೆ ಓದಿ ಯಾರಾದರೂ 'ಛೇ' ಎಂದರೆ, ಆ 'ಛೇ' ಒಂದನ್ನು ಬಿಟ್ಟು ಉಳಿದ ಮಾತೆಲ್ಲ ತನ್ನ ಮೇಜಿನಿಂದಲೇ ಹೋದದ್ದು ಎಂದು ಅವನು ಹೆಂಡತಿಗೆ ಕಡಿಮೆಯೆಂದರೆ ಆರು ಸಾವಿರ ಸಲ ಹೇಳಿದ್ದ. ಆಫೀಸಿನಲ್ಲಿ ಅವನನ್ನು ಪದಬ್ರಹ್ಮ ಎನ್ನುತ್ತಿದ್ದರು. ಎದುರಿಗೆ ಒಂದು ರಾಗ, ಬೆನ್ನ ಹಿಂದೆ ಇನ್ನೊಂದು ರಾಗ. ಎರಡೂ ಅವನಿಗೆ ಚೆನ್ನಾಗಿ ಕೇಳಿಸುತ್ತಿದ್ದವು.

ಸಿಟ್ಟಿಗೆ ಕಾರಣ ಆ ಪದ. ಮೂರು ವಾರದಿಂದ ದೂರದ ಎರಡು ದೇಶಗಳು ಗಡಿಯಲ್ಲಿ ನಿಂತು ಒಂದನ್ನೊಂದು ಗುರಾಯಿಸುತ್ತಿದ್ದವು. ಎರಡರ ಹತ್ತಿರವೂ ಅಣುಬಾಂಬಿತ್ತು. ಅಂದಿನಿಂದ ಆ ಪದಕ್ಕೆ ರೆಕ್ಕೆ ಬಂದುಬಿಟ್ಟಿತ್ತು. ಕ್ರೀಡಾ ಪುಟದವನು ಕೋಚಿಗೂ ಕ್ಯಾಪ್ಟನ್ನಿಗೂ ಆದ ಜಗಳಕ್ಕೆ ಅದನ್ನು ಹಾಕಿದ್ದ. ಸಿನಿಮಾ ಪುಟದವಳು ಒಂದು ವಿಚ್ಛೇದನಕ್ಕೆ ಹಾಕಿದ್ದಳು. ಮೊನ್ನೆ ಕ್ಯಾಂಟೀನಿನವನು, "ಇನ್ನೊಂದು ಚಮಚ ಸಕ್ಕರೆ ಕೇಳ್ಬೇಡಿ ಸಾರ್, ಅಣ್ವಸ್ತ್ರ ಉಲ್ಬಣ ಆಗ್ಬಿಡತ್ತೆ" ಎಂದು ಹಲ್ಲು ಕಿರಿದಿದ್ದ. ಅವನು ಚಹಾವನ್ನು ಅಲ್ಲೇ ಬಿಟ್ಟು ಬಂದಿದ್ದ. ಅರ್ಥವೇನೋ ಗೊತ್ತಿತ್ತು. ಸಾಧಾರಣ ಬಂದೂಕು, ತೋಪುಗಳಿಂದ ಶುರುವಾದ ಜಗಳ ಮೆಟ್ಟಿಲು ಮೆಟ್ಟಿಲಾಗಿ ಏರಿ ಅಣ್ವಸ್ತ್ರದ ಹೊಸಿಲಿಗೆ ಬರುವುದು, ಅಥವಾ ಹೊಸಿಲು ದಾಟಿದ ಮೇಲೆ ಸಣ್ಣದರಿಂದ ದೊಡ್ಡದಕ್ಕೆ ಹೋಗುವುದು. ಅಷ್ಟು ಬರೆದು ಪೆನ್ನು ಎತ್ತಿದರೆ ತಲೆಹರಟೆ ಶುರು. ಬಾಂಬು ಹಾರಿದಾಗ ಮಾತ್ರವೇ ಉಲ್ಬಣವೋ? ಅದನ್ನು ಗೋದಾಮಿನಿಂದ ಹೊರಗೆ ತಂದು ನಿಲ್ಲಿಸಿದರೆ? 'ತರುತ್ತೇವೆ ನೋಡಿ' ಎಂದು ಮೈಕಿನಲ್ಲಿ ಅಂದರೆ? ಅನ್ನದೆ, ಅಂದವರ ಹಾಗೆ ಮುಖ ಮಾಡಿದರೆ? ಮೇಲಿನ ಮೆಟ್ಟಿಲಲ್ಲಿ ನಿಂತವನು, 'ನಾನು ಏರಲೇ ಇಲ್ಲ, ಅವನು ಏರಿದ್ದಕ್ಕೆ ಉತ್ತರ ಕೊಟ್ಟೆ' ಎನ್ನುತ್ತಾನೆ. ಕೆಳಗಿನವನೂ ಅದನ್ನೇ ಹೇಳುತ್ತಾ ಇನ್ನೆರಡು ಮೆಟ್ಟಿಲು ಹತ್ತುತ್ತಾನೆ. ಹೀಗೆ ಯಾರೂ ಏರದ ಏಣಿಯ ತುದಿಯಲ್ಲಿ ಇಬ್ಬರು ನಿಂತಿರುತ್ತಾರೆ, ಅದನ್ನು ಪದಬ್ರಹ್ಮ ಕಾರ್ಡಿನಲ್ಲಿ ಬರೆಯಬೇಕು. ಅಷ್ಟು ಹೊತ್ತಿಗೆ ಅವನು ಹರಿದು ಎಸೆದ ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚಾವಣಿ ಮುಟ್ಟುತ್ತಿತ್ತು; ಎಣಿಸಿದರೆ ಒಂಬತ್ತು.

ಕೋಣೆಯ ಆ ತುದಿಯಲ್ಲಿ, ಮೂವತ್ತು ಅಡಿ ಆಚೆ, ಗಾಜಿನ ಗೂಡಿನೊಳಗೆ ಶಿಫ್ಟ್ ಇನ್‌ಚಾರ್ಜ್ ಕೂತಿದ್ದಳು. ಅವಳು ಅವನ ಹೆಂಡತಿಯ ತಂಗಿ. ಹನ್ನೊಂದು ವರ್ಷದ ಹಿಂದೆ ಇವನೇ ಕೈಹಿಡಿದು ಕರೆತಂದು ಕೆಲಸಕ್ಕೆ ಸೇರಿಸಿದವಳು. 'ಭಾವ, ಈ ಪದಕ್ಕೆ ಏನು ಹಾಕ್ಲಿ?' ಎಂದು ದಿನಕ್ಕೆ ನಲವತ್ತು ಸಲ ಇವನ ಮೇಜಿಗೆ ಓಡಿಬರುತ್ತಿದ್ದವಳು. ಈಗ ಇವನ ಹಾಜರಿಗೆ ಸಹಿ ಹಾಕುವವಳು. ನಾದಿನಿಯ ಕೈಕೆಳಗೆ ಕೆಲಸ ಮಾಡುವ ಗಂಡಸು ಇಡೀ ಭೂಮಂಡಲದಲ್ಲಿ ತಾನೊಬ್ಬನೇ ಎಂದು ಅವನು ನಂಬಿದ್ದ. ಇಬ್ಬರೂ ಮಾತು ಬಿಟ್ಟು ಅಂದಿಗೆ ನಲವತ್ತೊಂದು ದಿನ. ಶುರುವಾದದ್ದು ಅವಳ ಒಂದು ವರದಿಯಿಂದ. ಅದರಲ್ಲಿದ್ದ ಏಳು ತಪ್ಪುಗಳಿಗೆ ಕೆಂಪು ಶಾಯಿ ಬಳಿದು, ಹೊಸದಾಗಿ ಸೇರಿದ ನಾಲ್ಕು ಜನ ನೋಡುವಂತೆ ಅವನು ಅದನ್ನು ನೋಟಿಸ್ ಬೋರ್ಡಿಗೆ ಚುಚ್ಚಿದ. ಪಾಠವಾಗಲಿ ಎಂದು, ಅಷ್ಟೇ. ಮರುದಿನ ಅವಳು ಇವನ ಹದಿನೆಂಟು ಕಾರ್ಡುಗಳ ತಪ್ಪು ಪಟ್ಟಿಮಾಡಿ ಸಂಪಾದಕರಿಗೊಂದು ಪ್ರತಿಯೊಡನೆ ಮೆಮೊ ಕಳಿಸಿದಳು. ಅದರಲ್ಲಿ 'ಗೌರವಾನ್ವಿತ ಪದವಿಭಾಗದವರಿಗೆ' ಎಂದಿತ್ತು. ಅದರ ಹಿಂದಿನ ಭಾನುವಾರ ತನ್ನ ಮನೆಯಲ್ಲಿ ತನ್ನ ತಟ್ಟೆಯಿಂದಲೇ ತಿಂದುಹೋದವಳು ಗೌರವಾನ್ವಿತ ಅಂತಾಳೆ! ಇವನು ಅವಳ ಹದಿನೆಂಟಕ್ಕೆ ಮೂವತ್ತಾರು ಉತ್ತರ ಬರೆದ. ಅವಳು ಇವನ ಮೇಜನ್ನು ಕಿಟಕಿಯಿಂದ ಎಬ್ಬಿಸಿ ಶೌಚಾಲಯದ ಬಾಗಿಲ ಪಕ್ಕ ಹಾಕಿಸಿದಳು, ಅದೂ ವಿದ್ಯುತ್ ತಂತಿಯ ದುರಸ್ತಿ ಎಂಬ ನೆಪದಲ್ಲಿ. ಇವನು ಭಾನುವಾರದ ಊಟಕ್ಕೆ ಅವಳು ಬಂದರೆ ತಾನು ಉಣ್ಣುವುದಿಲ್ಲವೆಂದ. ಅವಳು ಬರಲಿಲ್ಲ. ಹೆಂಡತಿ ಎರಡು ಭಾನುವಾರ ತಂಗಿಯ ಮನೆಯಲ್ಲೇ ಉಂಡು ಬಂದಳು. ಬಾಗಿಲು ಹಾಕುವಾಗ ಅವಳು ಇವನ ಮುಖ ನೋಡಲಿಲ್ಲ. ಆ ನೋಡದ ಮುಖ ಅವನಿಗೆ ಈಗಲೂ, ಹತ್ತನೆಯ ಕಾರ್ಡು ತೆಗೆಯುವಾಗಲೂ, ಕಣ್ಣಿಗೆ ಕಟ್ಟಿದಂತಿತ್ತು. ಕಾರ್ಡಿನ ಅಂಚು ಹರಿತವಾಗಿತ್ತು. ಶೌಚಾಲಯದ ಬಾಗಿಲು ತೆಗೆದಾಗಲೆಲ್ಲ ಫಿನಾಯಿಲಿನ ವಾಸನೆಯ ಜೊತೆ ಯಾರೋ ಒಬ್ಬ, "ಏನ್ ಸಾರ್, ಇಲ್ಲೇ ಕಾವಲಾ?" ಎನ್ನುತ್ತಿದ್ದ.

ಬೆಳಿಗ್ಗೆ ಅಡುಗೆಮನೆಯಲ್ಲಿ ಹೆಂಡತಿ ಲೋಟ ತೊಳೆಯುತ್ತಿದ್ದಾಗ ಅವನ ಬಾಯಿಂದ ಆ ಮಾತು ಮತ್ತೆ ಬಂದೇಬಿಟ್ಟಿತ್ತು; ತಂಗಿಯ ಕಿವಿಗೆ ಮುಟ್ಟಲೆಂದು ವಾರಗಳಿಂದ ಹೆಂಡತಿಯ ಎದುರು ಆಡುತ್ತಿದ್ದ ಮಾತು. "ಅವಳ ಅಂಕಪಟ್ಟಿ ವಿಷಯ ನನ್ನ ಹತ್ರ ಇದೆ ಅನ್ನೋದು ನಿನ್ ತಂಗೀಗೆ ನೆನಪಿದೆ ತಾನೆ?" ಕೆಲಸಕ್ಕೆ ಸೇರುವಾಗ ನಾದಿನಿಯ ಪದವಿ ಇನ್ನೂ ಮುಗಿದಿರಲಿಲ್ಲ; ಪರೀಕ್ಷೆಯ ಒಂದು ಪೇಪರು ಬಾಕಿ ಇತ್ತು. 'ಎಲ್ಲ ದಾಖಲೆ ನೋಡಿದ್ದೇನೆ, ಸರಿಯಿದೆ' ಎಂದು ಬರೆದು ಸಹಿ ಹಾಕಿದವನು ಇವನೇ. ಮರುವರ್ಷ ಅವಳು ಪಾಸಾದಳು, ಮಾತು ಅಲ್ಲಿಗೇ ಮುಚ್ಚಿಹೋಯಿತು. ಹೆಂಡತಿ ನಲ್ಲಿ ನಿಲ್ಲಿಸಿದಳು. "ಆ ಕಾಗದದಲ್ಲಿ ನಿಮ್ಮ ಸಹೀನೂ ಇದೆ ಅನ್ನೋದು ನಿಮಗೆ ನೆನಪಿದೆ ತಾನೆ?" "ಇರ್ಲಿ. ಹೋದ್ರೆ ಇಬ್ರೂ ಹೋಗ್ತೀವಿ. ಇವತ್ತು ಸಂಪಾದಕರಿಗೆ ಹೇಳ್ತೀನಿ." "ಹೇಳಿ. ಹೇಳ್ಬಿಟ್ಟು ಮನೆಗೆ ಬಂದಾಗ ನಾನಿರ್ತೀನಾ ನೋಡಿ." ಅಷ್ಟು ಹೇಳಿ ಅವಳು ಸೆರಗಿಗೆ ಕೈ ಒರೆಸಿಕೊಂಡು ಶಾಲೆಗೆ ಹೊರಟಿದ್ದಳು; ಅವಳು ಅಲ್ಲಿ ಆಫೀಸ್ ಗುಮಾಸ್ತೆ, ಎಂಟೂವರೆಗೆ ಗಂಟೆ ಹೊಡೆಸುವವಳು. ಬಸ್ಸಿನಲ್ಲಿ ನಿಂತು ಬರುವಾಗ ಅವನಿಗೆ ತಾನು ಹೇಳುವುದಿಲ್ಲ ಎಂದು ಗೊತ್ತಿತ್ತು. ಹೇಳಿಯೇಬಿಡುತ್ತೇನೆ ಎಂದು ಅವರಿಬ್ಬರೂ ನಂಬಬೇಕು, ಅಷ್ಟೇ. ಆದರೆ ನಂಬಬೇಕಾದರೆ ಒಂದಲ್ಲ ಒಂದು ದಿನ ಹೇಳಲೇಬೇಕಾಗುತ್ತದಲ್ಲ ಎಂದುಕೊಂಡಾಗ ಬಸ್ಸು ಜಗ್ಗಿತು, ಪಕ್ಕದವನ ಮೊಳಕೈ ಪಕ್ಕೆಗೆ ತಗುಲಿತು. ಈಗ 'ನೀವೇ ತಂದುಕೊಡಿ' ಎಂಬ ಚೀಟಿ. ಸಂಪಾದಕರು ಎಂದೂ ಕಾರ್ಡನ್ನು ಕೈಯಾರೆ ಕೇಳಿದವರಲ್ಲ. ದೇವರೇ ಬಾಗಿಲು ತೆಗೆದಿಟ್ಟು ಕರೆದಂತಿತ್ತು.

ಎರಡು ಗಂಟೆಗೆ ಹದಿಮೂರನೆಯ ಕಾರ್ಡು ಒಂದು ರೂಪಕ್ಕೆ ಬಂತು. ಇನ್ನು ಅದನ್ನು ಕಂಪ್ಯೂಟರಿನಲ್ಲಿ ಶಿಫ್ಟ್ ಇನ್‌ಚಾರ್ಜರ ಪರದೆಗೆ ಕಳಿಸಬೇಕು. ಅವಳು ಟಿಕ್ ಹಾಕದೆ ಯಾವ ಕಾರ್ಡೂ ಕಾರ್ಡಾಗುವುದಿಲ್ಲ. ಅಲ್ಲಿಂದ ಹೊರಡುವ ಎಲ್ಲಕ್ಕೂ ಐದು ದರ್ಜೆಗಳಿದ್ದವು. ಕಾರ್ಡುಗಳಿಗೆ ಐದನೆಯದು, ಬಿಡುವಾದಾಗ ನೋಡಿ ಎಂದು. ಒಂದನೆಯದು ಬಂದರೆ ನಲವತ್ತಮೂರು ಪತ್ರಿಕೆಗಳಲ್ಲೂ ಗಂಟೆ ಬಾರಿಸುತ್ತದೆ, ಒಂದೇ ನಿಮಿಷದಲ್ಲಿ ಹೋಗಬೇಕು. ಹೋಗುವ ಮೊದಲು ಬರೆದವನು ಗಟ್ಟಿಯಾಗಿ ಓದಬೇಕು, ಶಿಫ್ಟ್ ಇನ್‌ಚಾರ್ಜ್ 'ಸರಿ' ಎಂದು ಕೂಗಬೇಕು. ಇಬ್ಬರ ಬಾಯಿ ಕೂಡದೆ ಒಂದನೇ ದರ್ಜೆ ಹೊರಡುವಂತಿಲ್ಲ ಎಂಬ ಆ ನಿಯಮವನ್ನು ಅವನು ಹೆಂಡತಿಗೆ ಗಾಯತ್ರಿಯ ಹಾಗೆ ಬಾಯಿಪಾಠ ಮಾಡಿಸಿದ್ದ. ಮಾತು ಬಿಟ್ಟ ಮೇಲೆ ಓದುವುದೂ ಕೂಗುವುದೂ ನಿಂತು, ಇಬ್ಬರೂ ತಂತಮ್ಮ ಪರದೆಯ ಮೇಲೆ ಒಂದೊಂದು ಟಿಕ್ ಒತ್ತುವುದು ಬಂದಿತ್ತು. ಯಾರೂ ಕೇಳಲಿಲ್ಲ. ಮೊದಲ ವಾರ ಅವನ ಕಾರ್ಡುಗಳನ್ನು ಅವಳು ಮೂರು ದಿನ ಮುಟ್ಟಲಿಲ್ಲ, ಅದಕ್ಕೆ ಅವನು ನಾಲ್ಕನೇ ದರ್ಜೆ ಹಾಕಿದ. ಅವಳು ಅದನ್ನೂ ಕೂರಿಸಿದಳು, ಮೂರು ಹಾಕಿದ. ಹೋದ ವಾರ ಎರಡು. ಅವಳು ಎರಡನೇ ದರ್ಜೆಯ ಕಾರ್ಡನ್ನು ಒಂದಿಡೀ ದಿನ ಕೂರಿಸಿ, 'ಅರ್ಥ ವಿವರಣೆಯ ಉದ್ದದಿಂದ ವಿಳಂಬ. ಬಳಕೆಯ ವಾಕ್ಯ ಮೊದಲು ಇರತಕ್ಕದ್ದು' ಎಂದು ಮೆಮೊ ಬರೆದಿದ್ದಳು. ಇರತಕ್ಕದ್ದು! ಆಗಲಿ ಮಹಾರಾಯಿತಿ ಎಂದುಕೊಂಡು ಅವನು ಉದಾಹರಣೆ ವಾಕ್ಯವನ್ನು ಎಲ್ಲಕ್ಕಿಂತ ಮೇಲೆ ಇಟ್ಟ: 'ಗಡಿಯಲ್ಲಿ ಅಣ್ವಸ್ತ್ರ ಉಲ್ಬಣ ಆರಂಭವಾಗಿದ್ದು, ಎರಡೂ ದೇಶಗಳು ಕ್ಷಿಪಣಿಗಳನ್ನು ಹೊರತಂದಿವೆ.' ಅರ್ಥ ಕೆಳಗೆ, ಪರದೆಗೆ ಕಾಣದಷ್ಟು ಕೆಳಗೆ. ದರ್ಜೆಯ ಜಾಗದಲ್ಲಿ ಒಂದು ಎಂದು ಒತ್ತಿ, ತನ್ನ ಟಿಕ್ಕನ್ನೂ ಹಾಕಿ ಕಳಿಸಿದ. ಈಗ ನೋಡು, ಕೂರಿಸು ನೋಡೋಣ.

ಗಾಜಿನ ಆಚೆ ಅವಳು ತಲೆ ಎತ್ತಿದ್ದು ಅವನಿಗೆ ಕಂಡಿತು. ತನ್ನ ಕಡೆಗೇ ನೋಡುತ್ತಿದ್ದಳು. ಹುಬ್ಬು ಮೇಲೆ ಹೋಗಿತ್ತು. ಕೇಳಬೇಕೋ ಬೇಡವೋ ಎಂದು ತುಟಿ ಒಂದಿಷ್ಟು ತೆರೆದಿತ್ತು. ಹಿಂದೆ ಹೀಗೆ ನೋಡಿದಾಗಲೆಲ್ಲ ಅವನು 'ಏನೇ?' ಎನ್ನುತ್ತಿದ್ದ, ಅವಳು ಓಡಿಬರುತ್ತಿದ್ದಳು. ಅವನು ಕುರ್ಚಿಯನ್ನು ತಿರುಗಿಸಿ ಶೌಚಾಲಯದ ಬಾಗಿಲನ್ನು ದಿಟ್ಟಿಸಿ ನೋಡತೊಡಗಿದ, ಜಗತ್ತಿನ ಸಮಸ್ತ ಶಿಲ್ಪಕಲೆಯೂ ಆ ಬಾಗಿಲಲ್ಲೇ ಇದೆಯೇನೋ ಎಂಬಂತೆ. ಆ ಬಾಗಿಲಿನ ಚಿಲಕದ ಮೂರು ಮೊಳೆಗಳಲ್ಲಿ ಒಂದು ಸಡಿಲವಾಗಿತ್ತು. ಇಪ್ಪತ್ತು ಸೆಕೆಂಡು. ಮೂವತ್ತು. ಆಮೇಲೆ ಗಂಟೆ ಬಾರಿಸಿತು. ಆ ಗಂಟೆಯನ್ನು ಅವನು ವರ್ಷಕ್ಕೆ ಮೂರು ನಾಲ್ಕು ಸಲ ಕೇಳಿದ್ದ. ಭೂಕಂಪ, ದೊಡ್ಡವರ ಸಾವು, ಚುನಾವಣೆ. ಏನಾಯಿತಪ್ಪ ಎಂದು ಪರದೆಗೆ ತಿರುಗಿದರೆ ಅಲ್ಲಿ ಅವನದೇ ವಾಕ್ಯ ಕೆಂಪು ಅಕ್ಷರದಲ್ಲಿ ಹೊರಟುಹೋಗಿತ್ತು, ಎರಡು ಗಂಟೆ ಹತ್ತು ನಿಮಿಷಕ್ಕೆ, ಇಬ್ಬರ ಟಿಕ್ಕಿನೊಂದಿಗೆ. ಕ್ರೀಡಾ ಪುಟದವನು ಎದ್ದುನಿಂತು, "ಅಯ್ಯೋ, ನಿಜವಾಗ್ಲೂ ಹೊಡ್ಕೊಂಡ್ರಾ?" ಎಂದ. ಯಾರೋ ಟಿವಿಯ ಧ್ವನಿ ಏರಿಸಿದರು. ಟಿವಿಯಲ್ಲಿ ಚಾಪೆಯ ಜಾಹೀರಾತು ಬರುತ್ತಿತ್ತು.

ರದ್ದು ಮಾಡುವುದಕ್ಕೆ ದಾರಿ ಇತ್ತು. ಗಾಜಿನ ಗೂಡಿನ ಪಕ್ಕದ ಗೋಡೆಯಲ್ಲಿ ಒಂದು ಫೋನು, ಎತ್ತಿದರೆ ಎಲ್ಲ ಪತ್ರಿಕೆಗಳಿಗೂ ರೇಡಿಯೋಗಳಿಗೂ ಒಟ್ಟಿಗೆ ಕೇಳುತ್ತದೆ. ಶಿಫ್ಟ್ ಇನ್‌ಚಾರ್ಜ್ ರದ್ದನ್ನು ಓದಬೇಕು, ಬರೆದವನು ಅದನ್ನೇ ಪದಕ್ಕೆ ಪದ ಮತ್ತೆ ಹೇಳಬೇಕು. ಇಬ್ಬರಿಗೂ ಖಾತ್ರಿಯಿದೆ ಎಂದು ಕೇಳುವವರಿಗೆ ತಿಳಿಯಬೇಕಲ್ಲ. ಟಿಕ್ಕು ಇಲ್ಲಿ ನಡೆಯುವುದಿಲ್ಲ, ಬಾಯಿಯೇ ಬೇಕು. ಅವಳು ಗೂಡಿನಿಂದ ಹೊರಬಂದು ಫೋನಿನ ಈ ಪಕ್ಕ ನಿಂತಳು. ಅವನು ಹೋಗಿ ಆ ಪಕ್ಕ ನಿಂತ. ಅವಳ ಕಿವಿಯ ತುದಿ ಕೆಂಪಾಗಿತ್ತು. ಮಾತಾಡಲಿ, ತಪ್ಪಾಯಿತು ಅನ್ನಲಿ, ನೋಡದೆ ಒತ್ತಿದೆ ಅನ್ನಲಿ, ಆಮೇಲೆ ನಾನು ಹಿಮಾಲಯದಷ್ಟು ದೊಡ್ಡ ಮನಸ್ಸು ಮಾಡುತ್ತೇನೆ ಎಂದು ಅವನು ಕಾದ. ಅವಳು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದು ಹರಿದುಕೊಟ್ಟಳು: 'ರದ್ದಿನ ಪಠ್ಯವನ್ನು ಬರೆದವರೇ ಒದಗಿಸುವುದು.' ಅವನು ಅದರ ಹಿಂಬದಿಯಲ್ಲಿ ಬರೆದ: 'ಶಿಫ್ಟ್ ಇನ್‌ಚಾರ್ಜರ ಬಾಯಿಮಾತಿನ ಆದೇಶ ಬೇಕು.' ಬಾಯಿಮಾತಿನ ಎಂಬುದರ ಕೆಳಗೆ ಗೆರೆ ಎಳೆದ. ಅವಳು ಇನ್ನೊಂದು ಹಾಳೆ ಹರಿದಳು: 'ನಿಯಮ ಏಳು ನೋಡಿ.' ಅವನು: 'ನಿಯಮ ಏಳನ್ನು ಬರೆದದ್ದೇ ನಾನು.' ಗಡಿಯಾರದ ಮುಳ್ಳು ಟಕ್ ಎಂದಿತು, ಇನ್ನೊಮ್ಮೆ ಟಕ್ ಎಂದಿತು. ಕ್ರೀಡಾ ಪುಟದವನು ಇಬ್ಬರ ಮುಖವನ್ನೂ ಟೇಬಲ್ ಟೆನಿಸ್ ನೋಡುವ ಹಾಗೆ ನೋಡಿ, "ಏನ್ರೀ ಇದು, ಪ್ರಪಂಚ ಹೋಗ್ತಿದೆ, ನೀವಿಬ್ರೂ ಚೀಟಿ ಆಡ್ತಿದೀರಾ?" ಎಂದ. ಹೇಳಿಬಿಡು, ಹೇಳಿಬಿಡು ಎಂದು ಅವನ ಒಳಗೆ ಯಾರೋ ಗೋಗರೆಯುತ್ತಿದ್ದರು. ಆದರೂ ಬಾಯಿ ಬಿಗಿದೇ ಇತ್ತು. ಈಗ ತಾನು ಮೊದಲು ತುಟಿ ಬಿಚ್ಚಿದರೆ ನಲವತ್ತೊಂದು ದಿನ ಶೌಚಾಲಯದ ಪಕ್ಕ ಕೂತದ್ದೆಲ್ಲ ಸುಮ್ಮನೆ ಆಯಿತಲ್ಲ, ಆ ಲೆಕ್ಕ ಒಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಅಷ್ಟರಲ್ಲಿ ಅವನ ಮೇಜಿನ ಫೋನು ಬಡಿದುಕೊಂಡಿತು.

"ರೀ, ನಿಜವಾ?" ಹೆಂಡತಿ. ಅವಳ ಉಸಿರಿನ ಹಿಂದೆ ಏನೋ ಗುಜುಗುಜು, ಬೆಂಚು ಎಳೆಯುವ ಸದ್ದು.

"ಏನು ನಿಜ?"

"ರೇಡಿಯೋದಲ್ಲಿ ಹೇಳಿದ್ರಲ್ಲ. ಮಕ್ಕಳನ್ನೆಲ್ಲ ನೆಲಮಾಳಿಗೆಗೆ ಇಳಿಸಿದೀನಿ. ಹೆಡ್‌ಮಿಸ್ ರಜ, ಯಾರನ್ನ ಕೇಳ್ಲಿ? ಮುನ್ನೂರ ಹನ್ನೆರಡು ಮಕ್ಕಳು, ಎಣಿಸಿ ಇಳಿಸಿದೀನಿ. ಕಿಟಕಿಗೆಲ್ಲ ಭೂಪಟ ಅಡ್ಡ ಇಟ್ಟಿದೀನಿ. ಇನ್ನೇನು ಮಾಡ್ಬೇಕು ಹೇಳಿ ಬೇಗ."

"ಅಯ್ಯೋ ಮಾರಾಯ್ತಿ, ರೇಡಿಯೋದಲ್ಲಿ ಬಂದಿದ್ದೆಲ್ಲ ನಂಬ್ತಾರೇನೇ?"

"ರೇಡಿಯೋನ ಯಾರ್ರೀ ನಂಬಿದ್ದು? ನಿಮ್ಮ ಸಂಸ್ಥೆಯಿಂದ ಈಗ ಬಂದ ತುರ್ತು ಸುದ್ದಿ ಅಂದ್ರು. ಒಂದನೇ ದರ್ಜೆ ಅಂದ್ರೆ ನೀವೂ ಅವಳೂ ಇಬ್ರೂ ಬಾಯಿಬಿಟ್ಟು ಒಪ್ಪಬೇಕು ಅಂತ ವರ್ಷಗಟ್ಟಲೆ ನನ್ ತಲೆ ತಿಂದಿದೀರಿ. ನಲವತ್ತೊಂದು ದಿನ ಮುಖ ನೋಡದೋರು ಇಬ್ರೂ ಒಂದೇ ಮಾತಿಗೆ ಸರಿ ಅಂದಿದಾರೆ ಅಂದ್ರೆ..." ಅವಳ ದನಿ ಅಲ್ಲಿ ಒಡೆಯಿತು. "ಪ್ರಪಂಚ ಮುಗೀತು ಅಂತಲೇ ಅಂದ್ಕೊಂಡೆ ಕಣ್ರೀ."

ಅವನು ರಿಸೀವರನ್ನು ಮೇಜಿನ ಮೇಲೆ ಹಾಗೇ ಇಟ್ಟು ಮೂವತ್ತು ಅಡಿ ನಡೆದ. ಆ ಮೂವತ್ತು ಅಡಿ ಎರಡು ಖಂಡಗಳಷ್ಟು ಉದ್ದವಿತ್ತು. "ನಿಮ್ಮಕ್ಕ ಮಕ್ಕಳನ್ನೆಲ್ಲ ನೆಲಮಾಳಿಗೆಗೆ ಇಳಿಸಿ ಕೂತಿದಾಳೆ" ಎಂದ.

ನಾದಿನಿಯ ಕೈಯಲ್ಲಿ ಮೂರನೆಯ ಚೀಟಿ ಅರ್ಧ ಹರಿದಿತ್ತು. "ಅಕ್ಕನಾ? ಯಾಕೆ?"

"ನಾವಿಬ್ರೂ ಮಾತಾಡ್ಕೊಂಡಿದೀವಿ ಅಂದ್ಕೊಂಡು."

ಅವಳು ಗೋಡೆಯ ಫೋನು ಎತ್ತಿದಳು. "ನಾನು ಹೇಳ್ತೀನಿ, ಹಿಂದಿನಿಂದ ಹೇಳಿ ಭಾವ. ಸೇರಿಸ್ಬೇಡಿ, ಬಿಡ್ಬೇಡಿ." ಅವಳು ಓದಿದಳು, ಅವನು ಹಿಂದಿನಿಂದ ಹೇಳಿದ. ಎರಡು ಗಂಟೆ ಹತ್ತು ನಿಮಿಷದ ಸುದ್ದಿ ರದ್ದು. ಅದು ಪದಕೋಶದ ಉದಾಹರಣೆ ವಾಕ್ಯ. ಅಂಥ ಘಟನೆ ನಡೆದಿಲ್ಲ. ತಪ್ಪಿಗೆ ವಿಷಾದಿಸುತ್ತೇವೆ. ಮೊದಲನೇ ತರಗತಿಯಲ್ಲಿ ಮಗ್ಗಿ ಒಪ್ಪಿಸುವ ದನಿಯಂತೆ ತನ್ನ ದನಿ ಅವನಿಗೆ ಕೇಳಿಸಿತು. ಫೋನು ಇಡುವಾಗ ಗಡಿಯಾರದಲ್ಲಿ ಎರಡು ಇಪ್ಪತ್ತೊಂದು.

ಆಮೇಲೆ ಅವನು ಕಾದ. ನಲವತ್ತಮೂರು ಪತ್ರಿಕೆಗಳ ನಲವತ್ತಮೂರು ಸಂಪಾದಕರು ಕತ್ತಿ ಹಿರಿದು ಬರುತ್ತಾರೆ, ಊರೂರಲ್ಲಿ ಜನ ಬೀದಿಗೆ ಬಿದ್ದಿರುತ್ತಾರೆ, ಸರ್ಕಾರ ಬೀಳಬಹುದು, ತನ್ನ ಹೆಸರು ಇತಿಹಾಸದಲ್ಲಿ ಕೆಟ್ಟ ಅಕ್ಷರದಲ್ಲಿ ಉಳಿಯುತ್ತದೆ ಎಂದು ಎದೆ ಹಿಡಿದುಕೊಂಡು ಕೂತ. ಅರ್ಧ ಗಂಟೆಯಲ್ಲಿ ಬಂದದ್ದು ಒಂದೇ ಕರೆ, ಯಾವುದೋ ಪತ್ರಿಕೆಯ ಡೆಸ್ಕಿನವನದು. "ಆ ಅಣ್ವಸ್ತ್ರದ್ದು ನೋಡಿದ್ವಿ ಬಿಡಿ ಸಾರ್, ದಿನಾ ಬರೋದೇ ತಾನೆ. ಸಂಜೆ ಮ್ಯಾಚಿನ ತಂಡದ ಪಟ್ಟಿ ಬಂತಾ?" ಮಿಕ್ಕವರು ಅದನ್ನು ತೆರೆದೇ ನೋಡಿರಲಿಲ್ಲ. ಮೂರು ವಾರದಿಂದ ಆ ಪದ ಕೇಳಿ ಕೇಳಿ ಎಲ್ಲರ ಕಿವಿಗೂ ತೊಗಲು ಬೆಳೆದಿತ್ತು. ಓದಿ ಹೇಳಿದ್ದು ಒಂದು ಚಿಕ್ಕ ರೇಡಿಯೋ, ನಂಬಿದ್ದು ಒಬ್ಬ ಹೆಂಗಸು. ಅವನಿಗೆ ನೆಮ್ಮದಿಯಾಗಬೇಕಿತ್ತು. ಆದರೆ ಇಷ್ಟು ದೊಡ್ಡ ತಪ್ಪು ಮಾಡಿಯೂ ಯಾರ ಹುಬ್ಬನ್ನೂ ಏರಿಸಲಾಗದ ಅವಮಾನ ಮೈತುಂಬ ತುರಿಸಿತು. ಆ ತುರಿಕೆಯ ಒಳಗೆ ಭೂಪಟಗಳನ್ನು ಎಳೆದು ಎಳೆದು ಕಿಟಕಿಗೆ ಒಡ್ಡುತ್ತಿರುವ ಹೆಂಡತಿ ಕಾಣಿಸಿದಳು. ನಾಳೆ ಸ್ಟಾಫ್‌ರೂಮಿನಲ್ಲಿ ಅವಳನ್ನು ನೋಡಿ ಎಷ್ಟು ಜನ ನಗುತ್ತಾರೋ. ಇವತ್ತಿನ ನಗೆಪಾಟಲಿನ ಪಾಲೆಲ್ಲ ಅವಳಿಗೇ ಹೋಯಿತಲ್ಲ.

ಮೂರೂ ಮುಕ್ಕಾಲಿಗೆ ಸಂಪಾದಕರು ಇಬ್ಬರನ್ನೂ ಕರೆಸಿದರು, ಒಬ್ಬೊಬ್ಬರಾಗಿ ಬರಬೇಕಂತೆ. ಕೋಣೆಯ ಹೊರಗಿನ ಬೆಂಚಿನ ಮೇಲೆ ಭಾವನೂ ನಾದಿನಿಯೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಅವನು ಕೆಮ್ಮಿದ. ಇಂಥ ಹೊತ್ತಿನಲ್ಲಿ ಹಿರಿಯನಾದವನು ಏನು ಮಾಡಬೇಕೋ ಅದನ್ನು ಮಾಡುವ ಉದಾರತೆ ಅವನಲ್ಲಿ ಉಕ್ಕಿ ಬಂದಿತ್ತು. "ನೋಡು, ಆ ಅಂಕಪಟ್ಟಿ ವಿಷಯ ಇವತ್ತು ಎತ್ತೋಣ ಅಂತಿದ್ದೆ. ಎತ್ತಲ್ಲ. ಇವತ್ತೂ ಇಲ್ಲ, ಏಳೇಳು ಜನ್ಮಕ್ಕೂ ಇಲ್ಲ. ಹೋಗ್ಲಿ."

"ನಾನು ನಿನ್ನೆ ಸಂಜೆನೇ ಹೇಳ್ಬಿಟ್ಟೆ ಭಾವ."

"ಯಾರಿಗೆ?"

ಅವಳು ಗದ್ದ ಎತ್ತಿ ಬಾಗಿಲನ್ನು ತೋರಿಸಿದಳು. "ಒಂದು ಪೇಪರ್ ಬಾಕಿ ಇತ್ತು, ಭಾವ ಸಹಿ ಹಾಕಿದ್ರು ಅಂತ. ನಿಮ್ಮದನ್ನ ಬಿಟ್ಟು ಹೇಳೋಕೆ ನೋಡ್ದೆ. ಆಗ್ಲಿಲ್ಲ, ಸುಳ್ಳಾಗ್ತಿತ್ತು."

"ತಲೆ ಕೆಟ್ಟಿದೆಯೇನೇ ನಿಂಗೆ? ನಾನು ಸುಮ್ನೆ ಹೆದರಿಸ್ತಿದ್ದೆ ಕಣೇ!"

"ಗೊತ್ತಿತ್ತು. ಆದ್ರೂ ದಿನಾ ನೀವು ಆ ಬಾಗಿಲ ಕಡೆ ಹೋದಾಗ್ಲೆಲ್ಲ ಇವತ್ತೇನಾ, ಇವತ್ತೇನಾ ಅಂತ ಕಾಯೋದು... ಸಾಕಾಯ್ತು ಭಾವ. ಏನಾಗತ್ತೋ ಆಗ್ಲಿ ಅನ್ನಿಸ್ತು." ಅವಳು ಕೈಗಡಿಯಾರವನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

ಅವನು ನಲವತ್ತೊಂದು ದಿನ ಮಡಿಲಲ್ಲಿಟ್ಟು ಕಾಪಾಡಿದ ಬಾಂಬಿನ ಬತ್ತಿಯನ್ನು ಇವಳು ನಿನ್ನೆಯೇ ಹಚ್ಚಿ, ಅದು ಸುಡುವಾಗ ಪಕ್ಕದಲ್ಲೇ ಕೂತು ಇವತ್ತು ಹಾಜರಿ ಹಾಕಿದ್ದಳು. ಬೆಳಗಿನ ಚೀಟಿಯ 'ನೀವೇ ತಂದುಕೊಡಿ' ಈಗ ಅರ್ಥವಾಯಿತು. ಸಂಪಾದಕರಿಗೆ ಕಾರ್ಡು ಬೇಕಿರಲಿಲ್ಲ. ಬಾಗಿಲು ತೆರೆಯಿತು, ಅವಳು ಎದ್ದಳು. ಅವನೂ ಎದ್ದ. "ನಾನು ಮೊದ್ಲು ಹೋಗ್ತೀನಿ, ಹಿರಿಯ ನಾನು."

"ಬೇಡ. ನೀವು ಹೋದ್ರೆ ಎರಡನ್ನ ಇನ್ನೂರು ಮಾಡ್ತೀರಿ" ಎಂದು ಅವಳು ಒಳಗೆ ಹೋದಳು.

ಮೇಜಿನ ಫೋನು ಮತ್ತೆ ಬಡಿದುಕೊಂಡಾಗ ಅವನು ಓಡಿಹೋಗಿ ಎತ್ತಿದ. ಹೆಂಡತಿಯ ದನಿ ಈಗ ಒಣಗಿ ಕಡ್ಡಿಯಾಗಿತ್ತು. ರದ್ದು ಕೇಳಿದ್ದಾಯಿತು, ಮಕ್ಕಳು ಮೇಲೆ ಬಂದಾಯಿತು, ಮೂರನೇ ಕ್ಲಾಸಿನವರು ಗಣಿತದ ಪಿರಿಯಡ್ಡು ತಪ್ಪಲಿಲ್ಲವೆಂದು ಅಳುತ್ತಿದ್ದಾರೆ. ಅವನು ಏನೋ ಸಮಾಧಾನ ಹೇಳಹೋದ. "ಆ ಮಾತೆಲ್ಲ ಆಮೇಲೆ. ಒಬ್ಬಳು ಬರಲ್ಲ ಅಂತಿದಾಳೆ. ಎರಡನೇ ಕ್ಲಾಸು. ಕಂಬ ತಬ್ಕೊಂಡು ಕೂತಿದಾಳೆ. ಆಗ ನಿಜ ಅಂದ್ರಿ, ಈಗ ಸುಳ್ಳು ಅಂತೀರಿ ಅಂತಾಳೆ. ನಾನೇನು ಹೇಳ್ಲಿ? ನೀವೇ ಹೇಳಿ." ಫೋನು ಕೈ ಬದಲಾಯಿತು. ನೆಲಮಾಳಿಗೆಯ ಟೊಳ್ಳು ಸದ್ದು, ಮೂಗೆಳೆಯುವ ಸದ್ದು.

"ಹಲೋ ಪುಟ್ಟಿ, ಏನೂ ಆಗಿಲ್ಲಮ್ಮ. ನೂರಕ್ಕೆ ಸಾವಿರ ಪಾಲು ಖಂಡಿತ."

"ನೂರಕ್ಕೆ ಸಾವಿರ ಇರಲ್ಲ" ಎಂದಿತು ಮಗು. "ನೂರಕ್ಕೆ ನೂರೇ ಇರೋದು."

"ಹೂಂ. ನೂರೇ."

"ನೀವ್ಯಾರು?"

ಅವನು ಈ ಪ್ರಶ್ನೆಗೆ ಜೀವನವಿಡೀ ಸಿದ್ಧನಾಗಿದ್ದ. "ಸುದ್ದಿ ಕಳಿಸಿದೋನು."

"ಆಗ್ಲೂ ನೀವೇನಾ ಕಳ್ಸಿದ್ದು?"

"ಹೂಂ. ಆಗ್ಲೂ ನಾನೇ."

"ಹಾಗಿದ್ರೆ ಬೇರೆಯವ್ರಿಗೆ ಕೊಡಿ."

ಹೇಳಬಹುದಾದ ಪದಗಳು ಹನ್ನೊಂದು ಸಾವಿರ ಕಾರ್ಡುಗಳಲ್ಲಿ ಅವನ ಬೆನ್ನ ಹಿಂದೆ ಕೂತಿದ್ದವು. ಸಂಪಾದಕರ ಕೋಣೆಯ ಬಾಗಿಲು ತೆರೆದು ನಾದಿನಿ ಹೊರಬಂದಳು. ಅತ್ತಿರಲಿಲ್ಲ, ನಕ್ಕಿರಲಿಲ್ಲ, ಬಣ್ಣ ತೆಗೆದಂತಿತ್ತು ಮುಖ. ಅವನು ರಿಸೀವರನ್ನು ಅವಳತ್ತ ಚಾಚಿದ. "ಒಂದು ಮಗು. ಕೆಳಗೇ ಕೂತಿದೆ. ನನ್ನ ನಂಬಲ್ವಂತೆ."

ಅವಳು ರಿಸೀವರ್ ತೆಗೆದುಕೊಂಡು ಅದರ ಬಾಯಿಗೆ ಅಂಗೈ ಮುಚ್ಚಿದಳು. "ಏನು ಕ್ರಮ ಅಂತ ಸೋಮವಾರ ಹೇಳ್ತಾರಂತೆ, ಇಬ್ರಿಗೂ. ಈಗ ನಿಮ್ಮನ್ನ ಕರೀತಿದಾರೆ. ಇದ್ದಷ್ಟೇ ಹೇಳಿ ಭಾವ." ಆಮೇಲೆ ಇವನ ಕುರ್ಚಿಯಲ್ಲಿ, ಶೌಚಾಲಯದ ಬಾಗಿಲ ಪಕ್ಕ, ಕೂತಳು. "ಹಲೋ. ನಾನು ನಿಮ್ಮ ಶಾಲೆ ಆಫೀಸಮ್ಮನ ತಂಗಿ. ಕತ್ತಲಿದೆಯಾ ಅಲ್ಲಿ?"

ಸಂಪಾದಕರು ಕೂರಲು ಹೇಳಲಿಲ್ಲ. ಅವರ ಮುಂದೆ ರದ್ದು ಫೋನಿನ ದಾಖಲೆಯ ಹಾಳೆಯಿತ್ತು. ಹಳೆಯ ಸಹಿಯ ವಿಷಯ ಅವರು ಎತ್ತಲೇ ಇಲ್ಲ. "ಸುದ್ದಿ ಹೋಗಿದ್ದು ಎರಡು ಹತ್ತಕ್ಕೆ, ಹೋದ ಕ್ಷಣದಲ್ಲೇ ನಿಮಗೆ ಗೊತ್ತಾಗಿದೆ. ರದ್ದು ಓದಿದ್ದು ಎರಡು ಇಪ್ಪತ್ತೊಂದಕ್ಕೆ. ಇದಕ್ಕೆ ಅರ್ಧ ನಿಮಿಷ ಸಾಕು. ಹನ್ನೊಂದು ನಿಮಿಷ ಏನು ಮಾಡ್ತಿದ್ರಿ?"

ಫೋನಿನ ತಂತಿ ಸತ್ತಿತ್ತು, ಎದೆನೋವು ಬಂದಿತ್ತು, ದೇಶದ ಎಲ್ಲ ಫೋನುಗಳೂ ಒಟ್ಟಿಗೆ ಬಡಿದುಕೊಂಡವು: ಒಂದಕ್ಕಿಂತ ಒಂದು ದೊಡ್ಡ ಕಾರಣಗಳು ಅವನ ನಾಲಿಗೆಯ ತುದಿಗೆ ನೂಕುನುಗ್ಗಲು ಮಾಡಿದವು. ಸಂಪಾದಕರ ಬಾಗಿಲಿನ ಗಾಜಿನಾಚೆ ನಾದಿನಿ ರಿಸೀವರನ್ನು ಕಿವಿಗೊತ್ತಿಕೊಂಡು ಕೂತಿದ್ದಳು. ಮಾತಾಡುತ್ತಿರಲಿಲ್ಲ, ಆ ಕಡೆಯದನ್ನು ಕೇಳುತ್ತಾ ತಲೆಯಾಡಿಸುತ್ತಿದ್ದಳು.

"ಅವಳು ಮೊದಲು ಮಾತಾಡಲಿ ಅಂತ ಕಾಯ್ತಿದ್ದೆ, ಸರ್" ಎಂದ.

ಸಂಪಾದಕರು ಅವನ ಮುಂದಿನ ಮಾತಿಗೆ ಕಾದರು. ಅವನನ್ನು ಇಪ್ಪತ್ತೆರಡು ವರ್ಷದಿಂದ ಬಲ್ಲವರು ಅವರು. ಆದರೆ ಅವನ ಹತ್ತಿರ ಅಷ್ಟೇ ಇತ್ತು.